ದೋಷ ಯಾವ ತುದಿಯಲ್ಲಿ

ರಿಮೋಟಿನ ಗುಂಡಿಗಳ ಸಂದಿಯಲ್ಲಿ ಇನ್ನೂ ವಿಭೂತಿ ಉಳಿದಿತ್ತು. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಚೆನ್ನಾಗಿಯೇ ಒರೆಸಿದ್ದೇನೆ ಎಂದು ರುಕ್ಮಿಣಿಬಾಯಿ ತಿಳಿದಿದ್ದರು. ಆದರೆ ಎಂಟು ದಿನದ ಹಿಂದೆ ಪೊರೆ ತೆಗೆಸಿಕೊಂಡ ಬಲಗಣ್ಣು ಈಗ ಯಾವುದನ್ನೂ ಬಿಡುತ್ತಿರಲಿಲ್ಲ. ತಾವು ಇಷ್ಟು ದಿನ ಹಳದಿ ಎಂದುಕೊಂಡಿದ್ದ ಗೋಡೆ ಬಿಳಿ ಎಂದು ಅದು ತೋರಿಸಿಕೊಟ್ಟಿತ್ತು, ಸೊಸೆಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿರುವುದನ್ನು ತೋರಿಸಿಕೊಟ್ಟಿತ್ತು, ಈಗ ಅದೇ ಸೊಸೆಯ ಕೈಯಲ್ಲಿದ್ದ ರಿಮೋಟಿನ ಮೇಲೆ ಕೂದಲೆಳೆಯಂಥ ಬೂದಿಗೆರೆಯನ್ನು ತೋರಿಸುತ್ತಿತ್ತು. ದೀಕ್ಷಿತಾ ಅದನ್ನು ಗಮನಿಸಿರಲಿಲ್ಲ. ಅವಳ ಕಣ್ಣು ಟಿವಿಯ ಮೇಲಿತ್ತು. ನಿನ್ನೆಯವರೆಗೆ ಹತ್ತು ಹನ್ನೆರಡು ಬಣ್ಣದ ಚೌಕಗಳಿದ್ದ ಸಾಲಿನಲ್ಲಿ ಇವತ್ತು ಮೂರೇ ಉಳಿದಿದ್ದವು, ಮೂರೂ ಅವಳಿಗೆ ಬೇಡದವು. ಗಂಟೆ ಎರಡಾಗಿತ್ತು. ನಾಲ್ಕಕ್ಕೆ ನಾಶಿಕದ ಕನ್ನಡ ಸಂಘದ ಸಭೆ ಶುರುವಾಗುತ್ತದೆ. ಅಲ್ಲಿ ಅವಳ ತಂದೆ ಮೋಹನದಾಸರಿಗೆ ಶಾಲು ಹೊದಿಸುತ್ತಾರೆ.

"ಅತ್ತೆ, ಬೆಳಿಗ್ಗೆ ಟಿವಿ ಹಾಕಿದ್ರಾ ನೀವು?"

"ನಾ ಎಲ್ಲಿ ಟಿವಿ ನೋಡೀನವಾ," ಎಂದರು ರುಕ್ಮಿಣಿಬಾಯಿ.

ಮಾತು ಸುಳ್ಳಲ್ಲ. ಅವರು ನೋಡಿರಲಿಲ್ಲ. ಖಂಡೇನವಮಿಯ ಆಯುಧಪೂಜೆಗೆಂದು ಕತ್ತರಿ, ಈಳಿಗೆ, ಸ್ಕ್ರೂಡ್ರೈವರ್‌ಗಳ ಜೊತೆ ರಿಮೋಟನ್ನೂ ಒರೆಸುವಾಗ ಟಿವಿ ತಾನಾಗಿ ಹತ್ತಿಕೊಂಡು ಏನನ್ನೋ ಕೇಳಿತ್ತು, ಅದನ್ನು ಸುಮ್ಮನಾಗಿಸಲು ಅವರು ಏನನ್ನೋ ಒತ್ತಿದ್ದರು, ಆರಿಸಿದ್ದರು, ಅಷ್ಟೇ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತೆಲ್ಲ ಕಿವಿಯ ಮೇಲೆ ಬೀಳಿಸಿಕೊಂಡವರಿಗೆ, ಸುಳ್ಳು ಹೇಳದೆ ನಿಜವನ್ನು ಬಚ್ಚಿಡುವ ಮಾತು ಹೇಗಿರುತ್ತದೆಂದು ಚೆನ್ನಾಗಿ ಗೊತ್ತಿತ್ತು. ತಮ್ಮ ಬಾಯಿಂದ ಅದು ಇಷ್ಟು ಸಲೀಸಾಗಿ ಬಂತಲ್ಲ ಎಂದು ಮಾತ್ರ ಮುಜುಗರವಾಯಿತು. ಈ ಹುಡುಗಿ ಇವತ್ತು ನಾಶಿಕದಲ್ಲಿ ಇರಬೇಕಾಗಿತ್ತು. ಬಸ್ಸಿಗೆ ನಾಲ್ಕೈದು ತಾಸಿನ ದಾರಿ. ತ್ರ್ಯಂಬಕೇಶ್ವರದ ರಸ್ತೆಯಲ್ಲಿ ನಲವತ್ತು ವರ್ಷ ಇಡ್ಲಿ ಬೇಯಿಸಿದ ತಂದೆಗೆ ಮೊದಲ ಸಲ ಯಾರೋ ವೇದಿಕೆಯ ಮೇಲೆ ಕುರ್ಚಿ ಹಾಕುತ್ತಿದ್ದಾರೆ. ಆದರೆ ಅತ್ತೆಯ ಕಣ್ಣಿಗೆ ನಾಲ್ಕು ತಾಸಿಗೊಮ್ಮೆ ಹನಿ ಬಿಡಬೇಕು, ಅತ್ತೆ ಬಗ್ಗಬಾರದು, ಭಾರ ಎತ್ತಬಾರದು, ಮೇಲೆ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅವಳು ಇಲ್ಲಿ ಸಂಭಾಜಿನಗರದಲ್ಲೇ ಉಳಿದಳು. ಮಗ ರವಿಕಾಂತನ ಕಾರ್ಖಾನೆಯಲ್ಲೂ ಇವತ್ತು ಯಂತ್ರಪೂಜೆ, ಅವನು ಸಂಜೆ ಆರರ ಮೊದಲು ಬರುವ ಹಾಗಿರಲಿಲ್ಲ. ಹೋಗವಾ, ನಂದು ನಾ ನೋಡ್ಕೋತೀನಿ ಅಂದಾಗ ದೀಕ್ಷಿತಾ ನಕ್ಕು, "ನೀವು ನೋಡ್ಕೊಳ್ಳೋದು ನಂಗೆ ಗೊತ್ತುಂಟು. ನಾನು ಗೇಟು ದಾಟುವ ಮೊದಲು ಸ್ಟೂಲ್ ಹತ್ತಿರ್ತೀರಿ" ಅಂದಿದ್ದಳು.

ಹಾಗೆಯೇ ಆಯಿತು. ಗೇಟು ದಾಟುವುದಕ್ಕೂ ಕಾಯಲಿಲ್ಲ. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗಲೇ ರುಕ್ಮಿಣಿಬಾಯಿ ಸ್ಟೂಲ್ ಹತ್ತಿದ್ದರು. ಪ್ಯಾಸೇಜಿನ ಅಟ್ಟದ ಮೇಲೆ ಕೂತಿದ್ದ ಇಂಟರ್‌ನೆಟ್ಟಿನ ಡಬ್ಬಿಯನ್ನು ವೈರಿನ ಸಮೇತ ಇಳಿಸಿ, ಅದರ ನೇರ ಕೆಳಗಿದ್ದ ದೇವರ ಕಪಾಟಿನಲ್ಲಿ ಇಟ್ಟಿದ್ದರು. ಮನೆಯಲ್ಲಿ ದುಡಿಯುವುದೆಲ್ಲ ಖಂಡೇನವಮಿಯ ದಿನ ದೇವರ ಮುಂದೆ ಬರಬೇಕು, ಮರುದಿನ ಬನ್ನಿ ಕೊಡುವವರೆಗೆ ಅಲ್ಲೇ ಇರಬೇಕು. ಬೀದರದ ತವರಿನಲ್ಲಿ ತಕ್ಕಡಿಯನ್ನೂ ಗಜದ ಕೋಲನ್ನೂ ಹಾಗೆ ಇಡುತ್ತಿದ್ದರು. ಸಿಲ್ಲೋಡಿನ ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಜರ್ ಗೊಲ್ಲಾಳಪ್ಪನವರು ಸ್ವಿಚ್‌ಬೋರ್ಡಿಗೆ ಕುಂಕುಮ ಹಚ್ಚುವಾಗ, "ಪೂಜಾ ಆಗಲಿ, ಆದ್ರ ಒಂದ್ ಲೈನೂ ಬಂದ್ ಆಗಬಾರದು ನೋಡ್ರಿ" ಎನ್ನುತ್ತಿದ್ದರು. ರುಕ್ಮಿಣಿಬಾಯಿಯೂ ಹಾಗೆಯೇ ವೈರು ಕಳಚಲಿಲ್ಲ. ದೀಪಕ್ಕೆಂದು ಕಪಾಟಿನ ಪಕ್ಕದಲ್ಲಿ ಕೊರೆದಿದ್ದ ತೂತಿನಿಂದ ಅದನ್ನು ಒಳಗೆ ಎಳೆದುಕೊಂಡರು, ಡಬ್ಬಿಗೆ ಮೂರು ಬೆರಳು ವಿಭೂತಿ ಎಳೆದು ಚೆಂಡುಹೂವು ಏರಿಸಿದರು. ಹಸಿರು ದೀಪಗಳು ಮಿಣುಕುತ್ತಲೇ ಇದ್ದವು. ಪೂಜೆ ಮಾಡಿದ್ದು ತೃಪ್ತಿ ತಂದಿತ್ತು. ಎಣ್ಣೆದೀಪ ಶಾಂತವಾದ ಮೇಲೆ, ಬಾಲ್ಕನಿಯ ಪಾರಿವಾಳಗಳು ಒಳಗೆ ಬಂದು ಅಕ್ಕಿಕಾಳಿಗೆ ಬಾಯಿ ಹಾಕಬಾರದೆಂದು ಬಾಗಿಲು ಮುಚ್ಚಿದ್ದರು. ಸ್ಟೂಲಿನ ಸುದ್ದಿಯನ್ನು ಯಾರಿಗೂ ಹೇಳುವ ಅಗತ್ಯ ಕಂಡಿರಲಿಲ್ಲ.

"ರಾತ್ರಿ ಅಪ್‌ಡೇಟ್ ಆಗಿ ಎಲ್ಲ ಹಾರಿಹೋಗಿರ್ಬೇಕು," ಎಂದು ದೀಕ್ಷಿತಾ ಎದ್ದಳು. ರವಿಕಾಂತನಿಗೆ ಎರಡು ಸಲ ಫೋನು ಮಾಡಿದಳು, ಅವನು ಎತ್ತಲಿಲ್ಲ. "ಫೋನಲ್ಲೇ ನೋಡು ಅಂತಾಳೆ ಅಮ್ಮ. ನಲವತ್ತು ವರ್ಷಕ್ಕೊಂದು ಸಲ, ಪಪ್ಪನನ್ನು ಅಂಗೈಯಷ್ಟು ನೋಡ್ಬೇಕಾ ನಾನು? ಮತ್ತೆ ನಿಮ್ಗೆ ಈ ಸಣ್ಣ ಸ್ಕ್ರೀನ್ ಆಗೂದಿಲ್ಲ." ತನ್ನ ಹಟದಲ್ಲಿಯೂ ಅವಳು ಅತ್ತೆಗೊಂದು ಜಾಗ ಇಟ್ಟಿದ್ದಳು. ರುಕ್ಮಿಣಿಬಾಯಿಯ ಎದೆಗೆ ಅದು ತಾಗಿತು. ಅವಳು ರಿಮೋಟು ಸೋಫಾದ ಮೇಲಿಟ್ಟು, ಕುಕ್ಕರಿನ ಕೂಗಿಗೆ ಒಳಗೆ ಹೋದಳು.

ಅವರು ರಿಮೋಟನ್ನು ಕೈಗೆ ತೆಗೆದುಕೊಂಡರು. ಮೊದಲು ಸೆರಗಿನ ತುದಿಯಿಂದ ವಿಭೂತಿಯನ್ನು ಒರೆಸಿದರು. ಆಮೇಲೆ ಅದನ್ನು ಒರೆಸಿದ್ದು ಸ್ವಚ್ಛತೆಗೋ, ಗುರುತು ಅಳಿಸುವುದಕ್ಕೋ ಎಂದು ತಮ್ಮನ್ನೇ ಕೇಳಿಕೊಂಡು, ಉತ್ತರವನ್ನು ಪಕ್ಕಕ್ಕಿಟ್ಟರು. ಟಿವಿಯ ಬಗ್ಗೆ ಅವರಿಗೆ ಭಯವಿರಲಿಲ್ಲ. 'ಅವ್ವಾ, ನೀ ಅದನ್ನ ಮುಟ್ಟಬ್ಯಾಡ' ಎಂದು ರವಿಕಾಂತ ಹೇಳುವ ಧಾಟಿಗಷ್ಟೇ ಅವರು ಅದರಿಂದ ದೂರವಿದ್ದುದು. ದೋಷ ಹುಡುಕುವುದು ಯಾವ ಯಂತ್ರಕ್ಕೂ ಒಂದೇ ರೀತಿ: ನಿನ್ನೆ ಇದ್ದು ಇವತ್ತು ಇಲ್ಲದ್ದು ಏನು, ನಿನ್ನೆ ಇಲ್ಲದೆ ಇವತ್ತು ಇರುವುದು ಏನು. ಅವರು ಪರದೆಯನ್ನು ಎಡದಿಂದ ಬಲಕ್ಕೆ, ಬೋರ್ಡಿನ ಸಾಲುಗಳನ್ನು ನೋಡುತ್ತಿದ್ದ ಹಾಗೆ, ಒಂದೊಂದಾಗಿ ನೋಡುತ್ತ ಹೋದರು. ಬಲಮೂಲೆಯಲ್ಲಿ ಒಂದು ಸಣ್ಣ ದುಂಡು ಚಿತ್ರ. ನಿನ್ನೆಯವರೆಗೆ ಅಲ್ಲಿ ರವಿಕಾಂತನ ಹೆಸರಿನ ಮೊದಲಕ್ಷರ ಇತ್ತು. ಇವತ್ತು ಕರಡಿಯ ಮುಖ. ಹೊಸ ಕಣ್ಣಿಗೆ ಅದರ ಕಿವಿ ಕೂಡ ಕಂಡಿತು. ಹೋದ ದೀಪಾವಳಿಗೆ ಬಂದಿದ್ದ ನಾದಿನಿಯ ಮೊಮ್ಮಗಳಿಗೆಂದು ರವಿಕಾಂತ ಟಿವಿಯಲ್ಲಿ ಬೇರೆಯದೇ ಒಂದು ಖಾತೆ ಮಾಡಿಕೊಟ್ಟಿದ್ದ. ಕೂಸು ಬೇರೇನೂ ನೋಡಬಾರದೆಂದು ಅದರೊಳಗೆ ಮೂರೇ ಚೌಕ ಬಿಟ್ಟಿದ್ದ. ಹಾಗಾದರೆ ಏನೂ ಹಾರಿಹೋಗಿಲ್ಲ. ಎಲ್ಲ ಇದ್ದಲ್ಲೇ ಇವೆ. ತಾವೇ ಬೆಳಿಗ್ಗೆ ಮನೆಯವರನ್ನೆಲ್ಲ ಮಗುವಿನ ಕೋಣೆಗೆ ತಳ್ಳಿ ಚಿಲಕ ಹಾಕಿದ್ದಾರೆ.

ಕರಡಿಯ ಮೇಲೆ ಒತ್ತಿದರು. ಹೊರಗೆ ಹೋಗಲು ನಾಲ್ಕು ಅಂಕಿ ಕೇಳಿತು. ರುಕ್ಮಿಣಿಬಾಯಿಯ ಮುಖದಲ್ಲಿ ನಗು ಮೂಡಿತು. ಸಿಲ್ಲೋಡಿನ ಕ್ವಾರ್ಟರ್ಸಿನ ಫೋನಿಗೆ ಮೂರೇ ಅಂಕಿ ಇದ್ದ ಕಾಲ. ಸಂತೆಯಲ್ಲಿ ಎಲ್ಲಾದರೂ ತಪ್ಪಿಸಿಕೊಂಡರೆ ಹತ್ತಿಯ ಅಡತಿಯವರ ಅಂಗಡಿಗೆ ಹೋಗಿ ಈ ನಂಬರು ಹೇಳು, ಆ ತುದಿಯಲ್ಲಿ ನಾನೇ ಇರುತ್ತೇನೆ ಎಂದು ಐದು ವರ್ಷದ ಮಗನಿಗೆ ಬಾಯಿಪಾಠ ಮಾಡಿಸಿದ್ದರು. ಅವನು ತಪ್ಪಿಸಿಕೊಳ್ಳಲಿಲ್ಲ. ಆದರೆ ನಂಬರನ್ನು ಬಿಡಲೂ ಇಲ್ಲ. ಮುಂದೊಂದು ಸೊನ್ನೆ ಸೇರಿಸಿ ಬ್ಯಾಂಕಿನ ಕಾರ್ಡಿಗೂ ಅದನ್ನೇ ಇಟ್ಟುಕೊಂಡಿದ್ದಾನೆ. ಅವರು ಸೊನ್ನೆ ಒತ್ತಿದರು, ಆಮೇಲೆ ಆ ಮೂರು ಅಂಕಿ. ಹನ್ನೆರಡು ಚೌಕಗಳೂ ಸಾಲಾಗಿ ಬಂದು ನಿಂತವು.

"ಅಯ್ಯೋ ಅತ್ತೆ! ನೀವಾ ಮಾಡಿದ್ದು?" ಒದ್ದೆ ಕೈಯಲ್ಲೇ ಓಡಿಬಂದ ದೀಕ್ಷಿತಾ ಅವರ ಹೆಗಲು ಹಿಡಿದು ಅಲುಗಾಡಿಸಿದಳು. "ನಾನು ಆಗಿಂದ ತಲೆ ಚಚ್ಕೊಳ್ತಾ ಇದ್ದೇನೆ. ನಿಮ್ಮ ಮಗ ಬರ್ಲಿ, ಹೇಳ್ತೇನೆ, ಇನ್ಮೇಲೆ ರಿಪೇರಿಗೆ ನಿಮ್ಮನ್ನು ಕರೆಯೂದಿಲ್ಲ, ನಿಮ್ಮ ಅವ್ವನನ್ನೇ ಕರೀತೇನೆ ಅಂತ."

"ಹೋಗವಾ, ಅದೇನ್ ಮಹಾ," ಎಂದರು ರುಕ್ಮಿಣಿಬಾಯಿ. ಹೊಗಳಿಕೆ ಬೆಚ್ಚಗಿತ್ತು, ಅದರೊಳಗೆ ಎಲ್ಲೋ ಒಂದು ಕಲ್ಲು ಹಲ್ಲಿಗೆ ಸಿಕ್ಕ ಹಾಗಿತ್ತು. ಕೆಡಿಸಿದವರೇ ಸರಿಮಾಡಿ ಶಹಬ್ಬಾಸ್ ಅನ್ನಿಸಿಕೊಳ್ಳುವುದು. ಈಗ ಹೇಳಿಬಿಡಬಹುದಿತ್ತು. ನಗುನಗುತ್ತಲೇ ಮುಗಿದುಹೋಗುತ್ತಿತ್ತು. ಆದರೆ ರಿಮೋಟಿನ ಕತೆ ತೆಗೆದರೆ ಪೂಜೆಯ ಕತೆ ಬರುತ್ತದೆ, ಪೂಜೆಯ ಹಿಂದೆ ಸ್ಟೂಲು ಬರುತ್ತದೆ. ಅವರು ರಿಮೋಟನ್ನು ಸೊಸೆಯ ಕೈಗೆ ಕೊಟ್ಟರು.

ಸಂಘದವರ ಪುಟ ತೆರೆಯಿತು. 'ನಾಲ್ಕಕ್ಕೆ ನೇರ ಪ್ರಸಾರ' ಎಂಬ ಫಲಕದ ಕೆಳಗೆ ಹೋದ ವರ್ಷದ ಸಭೆಯ ಚಿತ್ರಗಳಿದ್ದವು. ಪರೀಕ್ಷೆಗೆಂದು ದೀಕ್ಷಿತಾ ಒಂದನ್ನು ಒತ್ತಿದಳು. ದೀಪ ಹಚ್ಚುತ್ತಿದ್ದ ಹೆಂಗಸೊಬ್ಬಳ ಕೈ ಅರ್ಧಕ್ಕೆ ನಿಂತಿತು, ಮುಖ ಚೌಕಚೌಕವಾಗಿ ಒಡೆಯಿತು, ನಡುವೆ ಬಿಳಿಯ ಚಕ್ರ ಸುತ್ತತೊಡಗಿತು. ಅವಳು ಸೋಫಾದ ಹಿಂದಿದ್ದ, ಇಂಟರ್‌ನೆಟ್ಟಿನ ಡಬ್ಬಿಗೆ ಕರೆಂಟು ಹೋಗುವ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದಳು. ಐದು ನಿಮಿಷ ಕಾದರೂ ಅದೇ ಚಕ್ರ. ಆಗ ಇಂಟರ್‌ನೆಟ್ಟಿನ ದತ್ತುವಿಗೆ ಫೋನು ಹಚ್ಚಿ ಒಂದೇ ಉಸಿರಿನಲ್ಲಿ ಹಿಂದಿಯಲ್ಲೂ ಮರಾಠಿಯಲ್ಲೂ ಬೈದಳು: ತಿಂಗಳು ತಿಂಗಳು ದುಡ್ಡು ಸರಿಯಾಗಿ ಹೋಗುತ್ತದೆ, ಬೇಕಾದ ದಿನವೇ ನಿಮ್ಮ ಲೈನು ಮಲಗುತ್ತದೆ, ಹಬ್ಬವಾದರೇನು, ಮೂರೂವರೆಯೊಳಗೆ ಬರದಿದ್ದರೆ ಕಂಪನಿಗೆ ಬರೆಯುತ್ತೇನೆ. ಫೋನನ್ನು ಸೋಫಾದ ಮೇಲೆ ಎಸೆದಳು. ಆಮೇಲೆ ಗಡಿಯಾರ ನೋಡಿ, ಹನಿಯ ಬಾಟಲಿ ತಂದಳು. "ತಲೆ ಹಿಂದೆ ಹಾಕಿ ಅತ್ತೆ." ಎಡಗೈಯಿಂದ ಅವರ ಗದ್ದವನ್ನು ಹಿಡಿದಳು. ಈಗಷ್ಟೇ ಇನ್ನೊಬ್ಬರನ್ನು ಬೈದು ಫೋನು ಎಸೆದ ಕೈ ಅದು. ಆದರೆ ರೆಪ್ಪೆಯನ್ನು ಎತ್ತುವಾಗ ಹತ್ತಿಯ ಎಳೆ ಎತ್ತಿದ ಹಾಗಿತ್ತು. ಹನಿ ಬಿದ್ದ ಮೇಲೆ ದಿನವೂ ಮಾಡುವಂತೆ ಐದರವರೆಗೆ ಎಣಿಸಿ, ತನ್ನ ಕಣ್ಣಿಗೇ ಉರಿ ಹತ್ತಿದಂತೆ ಹುಬ್ಬು ಗಂಟಿಕ್ಕಿ, "ಉರಿತಾ?" ಎಂದು ಕೇಳಿದಳು. ಮುಚ್ಚಿದ ಕಣ್ಣಿನೊಳಗೆ ರುಕ್ಮಿಣಿಬಾಯಿಗೆ ಒಂದು ವೈರಿನ ತುದಿ ಹೊಳೆದು ಮರೆಯಾಯಿತು. ಹಸಿರು ದೀಪಗಳು ಉರಿಯುತ್ತಿದ್ದವಲ್ಲ. ಲೈನು ಬಂದ್ ಮಾಡಿಲ್ಲವಲ್ಲ ನಾನು.

ಮೂರೂಕಾಲಿಗೆ ದತ್ತು ಬಂದ. ಮೂವತ್ತೈದು ದಾಟಿದ ಗಂಡಸು, ಹಣೆಯಲ್ಲಿ ಕುಂಕುಮ, ಅಂಗಿಯ ಜೇಬಿಗೆ ಅಂಟಿದ ಚೆಂಡುಹೂವಿನ ಎಸಳು. ಕೆಳಗೆ ನಿಲ್ಲಿಸಿದ ಅವನ ಬೈಕಿಗೂ ಮಾಲೆ ಇತ್ತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ರುಕ್ಮಿಣಿಬಾಯಿಯ ಕಪ್ಪು ಕನ್ನಡಕ ನೋಡಿ, "ಆಜಿ, ಆಪರೇಶನ್ ಆಯ್ತಾ? ನಮ್ಮ ಅವ್ವನದೂ ಹೋದ ತಿಂಗಳು ಆಯ್ತು. ಎರಡು ಓಣಿ ಆಚೆಗೇ ನಮ್ಮ ಮನೆ," ಎಂದ ಮರಾಠಿಯಲ್ಲಿ. ಆಮೇಲೆ ದೀಕ್ಷಿತಾಳ ಕಡೆ ತಿರುಗಿ ದನಿ ತಗ್ಗಿಸಿದ. "ಮ್ಯಾಡಮ್, ಬೈಯಿರಿ ಬೇಕಾದರೆ, ಕಂಪನಿಗೆ ಮಾತ್ರ ಬರೀಬೇಡಿ. ಈ ತಿಂಗಳು ಎರಡು ಕಂಪ್ಲೇಂಟ್ ಆಗಿವೆ. ಮೂರಾದರೆ ಈ ಏರಿಯಾ ಬಿಡಿಸಿ ವಾಳೂಜಿನ ಆಚೆಗೆ ಹಾಕ್ತಾರೆ. ಮಧ್ಯಾಹ್ನ ಬಂದು ಅವ್ವನಿಗೆ ಊಟ ಬಡಿಸೋದು ತಪ್ಪುತ್ತದೆ."

"ಮೊದಲು ಲೈನ್ ಸರಿಮಾಡಿ ಭಾಯಿ, ಆಮೇಲೆ ನೋಡುವಾ," ಎಂದಳು ದೀಕ್ಷಿತಾ. ಅಷ್ಟರಲ್ಲಿ ನಾಶಿಕದಿಂದ ಅವಳ ತಾಯಿ ಜಲಜಾಕ್ಷಿಯ ಫೋನು ಬಂತು. ಪಪ್ಪನಿಗೆ ಯಾವ ಅಂಗಿ ಎಂದು ಕೂಗಿ ಕೇಳುತ್ತ ಅವಳು ಬಾಲ್ಕನಿಗೆ ಹೋದಳು.

ದತ್ತು ತನ್ನ ಫೋನನ್ನು ಕೈಯಲ್ಲಿ ಹಿಡಿದು ಹಾಲಿನಲ್ಲಿ ನಿಂತ, ಅದರ ಮೇಲೆ ಸಿಗ್ನಲಿನ ಒಂದೇ ಗೆರೆ. ಪ್ಯಾಸೇಜಿನ ಕಡೆ ನಾಲ್ಕು ಹೆಜ್ಜೆ ಇಟ್ಟ, ಎರಡು ಗೆರೆ. ಅಟ್ಟದ ಕೆಳಗೆ ಹೋಗಿ ಕತ್ತೆತ್ತಿದ. ಅಟ್ಟ ಬರಿದಾಗಿತ್ತು. ವೈರು ಅಲ್ಲಿಂದ ಜೋಲಿಯಾಗಿ ಇಳಿದು, ಮಾವಿನ ತೋರಣದ ಹಿಂದೆ ಹಾದು, ದೇವರ ತಗಡಿನ ಕಪಾಟಿನ ಪಕ್ಕದ ತೂತಿನೊಳಗೆ ಹೊಕ್ಕಿತ್ತು. ಅವನು ಅದನ್ನು ಮೇಲಿನಿಂದ ಕೆಳಗಿನವರೆಗೆ ಕಣ್ಣಿನಲ್ಲೇ ಹಿಂಬಾಲಿಸಿದ. ರುಕ್ಮಿಣಿಬಾಯಿ ಅವನ ಕಣ್ಣನ್ನು ಹಿಂಬಾಲಿಸಿದರು. ಮೂಲೆಯ ಸ್ಟೂಲಿನ ಮೇಲೆ, ವಿಭೂತಿಯ ಬೆರಳಚ್ಚು ಬಿದ್ದ ಜಾಗದಲ್ಲಿ ಅವನ ಕಣ್ಣು ಬಂದು ನಿಂತಿತು. ಆ ಕ್ಷಣ ಅವರಿಗೆ ಎಲ್ಲ ತಿಳಿಯಿತು. ಗೊಲ್ಲಾಳಪ್ಪನವರ ಲೈನು ತಂತಿಯಲ್ಲಿ ಹರಿಯುತ್ತಿತ್ತು. ಇದು ಡಬ್ಬಿಯಿಂದ ಟಿವಿಯವರೆಗೆ ಗಾಳಿಯಲ್ಲಿ ಹೋಗಬೇಕು. ಗಾಳಿಯಲ್ಲಿ ಹೋಗುವುದನ್ನು ಅವರು ತಗಡಿನೊಳಗೆ, ಹಿತ್ತಾಳೆಯ ಹರಿವಾಣದ ಹಿಂದೆ ಇಟ್ಟು ಬಾಗಿಲು ಹಾಕಿದ್ದರು.

ಎಷ್ಟೋ ವರ್ಷದ ಹಿಂದಿನ ಒಂದು ಬೇಸಿಗೆ. ಸಿಲ್ಲೋಡಿನಲ್ಲಿ ಡಾಕ್ಟರರ ಲೈನು ಸತ್ತಿದೆ ಎಂದು ದೂರು ಬಂದಿತ್ತು. ಬೋರ್ಡಿನಲ್ಲಿ ತಾವೇ ತಪ್ಪು ತೂತಿಗೆ ಚುಚ್ಚಿ ಮರೆತ ಜೋಡಣೆಯ ವೈರನ್ನು ನೋಡುವ ಮೊದಲೇ, ದೋಷದ ರಿಜಿಸ್ಟರಿನಲ್ಲಿ 'ನಮ್ಮ ತುದಿ', 'ಆ ತುದಿ' ಎಂಬ ಎರಡು ಅಂಕಣಗಳ ಪೈಕಿ ಎರಡನೆಯದರಲ್ಲಿ ಅವರು ಗುರುತು ಹಾಕಿದ್ದರು. ನೋಡಿದ ಮೇಲೆ ವೈರು ಕಿತ್ತರು, ಗುರುತನ್ನು ಅಳಿಸಲಿಲ್ಲ. ಲೈನ್‌ಮನ್ ಯಲ್ಲಾಲಿಂಗ ಕಾದ ಕಂಬಗಳನ್ನು ಒಂದೊಂದಾಗಿ ಹತ್ತಿ ಏನೂ ಸಿಗದೆ ಸಂಜೆ ಬಂದ. ಅಂಗೈಯಲ್ಲಿ ಬೊಬ್ಬೆ. "ಏನ್ ಆಗಿತ್ತೋ ಅಕ್ಕಾರ, ನನ್ ಕಣ್ಣಿಗಿ ಕಾಣಲಿಲ್ಲ," ಎಂದ. ದಿನ ಹಾಳು ಮಾಡಿದನೆಂದು ಮೇಲಿನವರು ಅವನಿಗೆ ಮೆಮೊ ಕೊಟ್ಟರು. ಅವನು ಅದನ್ನು ಓದಿಸಿಕೊಂಡದ್ದೂ ಇವರ ಕೈಲೇ. ಇವರು ಓದಿದರು, ಸ್ಪಷ್ಟವಾಗಿ, ಎಲ್ಲ ಅಕ್ಷರಗಳೂ ಕೇಳುವಂತೆ, ಆಪರೇಟರರ ದನಿಯಲ್ಲಿ. ಅವನು ತೀರಿಕೊಂಡಾಗ ಅವನ ಊರು ಔರಾದಿಗೆ ಹೋಗಿ ಅವನ ಹೆಂಡತಿಯ ಪಕ್ಕ ಅರ್ಧ ದಿನ ಕೂತು ಬಂದಿದ್ದರು. ಆಗಲೂ ಹೇಳಿರಲಿಲ್ಲ.

"ಆಜಿ," ಎಂದ ದತ್ತು. "ಹಬ್ಬದ ದಿನ ಬಂದೀನಿ. ದೇವರಿಗೆ ಕೈ ಮುಗೀಲಾ?"

ಅವರು ತಲೆಯಾಡಿಸಿದರು. ಅವನು ಕಪಾಟಿನ ಬಾಗಿಲನ್ನು ಎರಡೂ ಕಡೆ ಪೂರ್ತಿ ತೆರೆದ. ಲಿಂಗದ ಪಕ್ಕದಲ್ಲಿ, ಹರಿವಾಣದ ಹಿಂದೆ, ಚೆಂಡುಹೂವು ಹೊತ್ತು ಡಬ್ಬಿ ಹಸಿರಾಗಿ ಮಿಣುಕುತ್ತಿತ್ತು. ಅವನು ನಗಲಿಲ್ಲ. ಕಣ್ಣು ಮುಚ್ಚಿ ಕೈ ಮುಗಿದ. ಹರಿವಾಣವನ್ನು ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಡಬ್ಬಿಯನ್ನು ಮುಟ್ಟಲಿಲ್ಲ, ಹೂವನ್ನೂ ತೆಗೆಯಲಿಲ್ಲ. ಬಾಗಿಲನ್ನು ಹಾಗೆಯೇ ಬಿಟ್ಟು, ತೋರಣದ ಎಲೆಗಳನ್ನು ಸ್ವಲ್ಪ ಎಳೆದು ಡಬ್ಬಿ ಮರೆಯಾಗುವಂತೆ ಮಾಡಿ ಹಿಂದೆ ಸರಿದ. ಹಾಲಿನಲ್ಲಿ, ಒಂದು ವರ್ಷದಿಂದ ಕಾದ ಹೆಂಗಸಿನ ಕೈ ಕೊನೆಗೂ ದೀಪವನ್ನು ಮುಟ್ಟಿತು. ಜನ ಚಪ್ಪಾಳೆ ಹೊಡೆದರು.

"ಬಂತಾ!" ದೀಕ್ಷಿತಾ ಬಾಲ್ಕನಿಯಿಂದ ಓಡಿಬಂದಳು. "ಏನಾಗಿತ್ತು?"

"ಕೆಳಗೆ ಬಾಕ್ಸಿನಲ್ಲಿ ನಮ್ಮ ಜಾಯಿಂಟು ಸಡಿಲ ಇತ್ತು ಮ್ಯಾಡಮ್. ತಪ್ಪಾಯ್ತು," ಎಂದ ದತ್ತು, ಚಪ್ಪಲಿ ಹಾಕುತ್ತ. "ಆಜಿ, ದೇವರಿಗೂ ಸ್ವಲ್ಪ ಗಾಳಿ ಬೇಕು. ಬಾಗಿಲು ತೆರೆದೇ ಇರಲಿ."

ಅವನು ಮೆಟ್ಟಿಲಿಳಿದ ಸದ್ದು ನಿಲ್ಲುವ ಮೊದಲೇ ದೀಕ್ಷಿತಾಳ ಫೋನು ಮಿಣುಕಿತು. ಕಂಪನಿಯವರು ಎಷ್ಟು ನಕ್ಷತ್ರ ಎಂದು ಕೇಳುತ್ತಿದ್ದರು. "ನೋಡಿ ಅತ್ತೆ, ಫೋನಲ್ಲಿ ನಂದೇ ಟಿವಿ ಸರಿ ಇಲ್ಲ ಅಂತ ಸಾಧಿಸಿದ. ಕೊನೆಗೆ ಅವರದ್ದೇ ಜಾಯಿಂಟ್! ಒಂದು ನಕ್ಷತ್ರ ಕೊಡ್ತೇನೆ. ಬರೀತೇನೆ ಸರಿಯಾಗಿ." ಅವಳ ಹೆಬ್ಬೆರಳು ಓಡತೊಡಗಿತು. ರುಕ್ಮಿಣಿಬಾಯಿ ಆ ಬೆರಳನ್ನೇ ನೋಡಿದರು. ಉಗುರಿನ ಅಂಚಿನಲ್ಲಿ ಅರಿಶಿನ ಹತ್ತಿತ್ತು. ಇನ್ನು ನಾಲ್ಕು ಅಕ್ಷರ ಒತ್ತಿದರೆ ಎರಡು ಓಣಿ ಆಚೆ ಒಬ್ಬ ಮುದುಕಿಯ ಊಟದ ಹೊತ್ತು ತಪ್ಪುತ್ತದೆ. ಹಳೆಯ ಅಂಜಿಕೆ ಮತ್ತೆ ಎದ್ದಿತು. ಆದರೆ ಅದು ತಾವು ನೆನೆದಷ್ಟು ದೊಡ್ಡದಾಗಿರಲಿಲ್ಲ. ಇಷ್ಟು ಸಣ್ಣದಕ್ಕೆ ಅಷ್ಟು ವರ್ಷ ದಾರಿ ಬಿಟ್ಟುಕೊಟ್ಟಿದ್ದೆನೇ ಎಂದು ಆಶ್ಚರ್ಯವಾಯಿತು.

"ಬರೀಬ್ಯಾಡ ದೀಕ್ಷಿತಾ. ಕೈ ತಗಿ."

ದನಿ ಕೇಳಿ ಅವಳು ತಲೆಯೆತ್ತಿದಳು.

"ಜಾಯಿಂಟ್ ಸಡ್ಲ ಇರಲಿಲ್ಲ. ಆ ಡಬ್ಬಿ ನಾ ದೇವರ ಕಪಾಟಿನ್ಯಾಗ ಇಟ್ಟು ಬಾಗಲಾ ಹಾಕಿದ್ದೆ, ಪೂಜಾಕ್ಕ. ಅವ ನೋಡ್ದ, ನನ್ ಮಾನ ಉಳಿಸಲಾಕ ಹಂಗಂದ. ರಿಮೋಟಿಗಿ ವಿಭೂತಿ ಹಚ್ಚೂಮುಂದ ಆ ಕರಡಿ ಬಂದದ್ದೂ ನನ್ನಿಂದನೇ. ಮಧ್ಯಾಹ್ನ ನೀ ಕೇಳಿದಾಗ ಹಾರಿಸಿ ಮಾತಾಡ್ದೆ."

ದೀಕ್ಷಿತಾ ಎದ್ದು ಪ್ಯಾಸೇಜಿಗೆ ಹೋದಳು. ತೋರಣ ಸರಿಸಿ ನೋಡಿದಳು. ಆಮೇಲೆ ಅಟ್ಟವನ್ನು ನೋಡಿದಳು. ಎರಡರ ನಡುವಿನ ಎತ್ತರವನ್ನು ನೋಡಿದಳು. ತಿರುಗಿದಾಗ ಅವಳ ಮುಖ ಬಿಳಿಚಿತ್ತು.

"ಸ್ಟೂಲ್ ಹತ್ತಿದ್ರಾ?"

"ಹೂಂ."

"ಒಂದು ಕೈಯಲ್ಲಿ ಡಬ್ಬಿ ಹಿಡ್ಕೊಂಡು? ಎಂಟು ದಿನ ಆಗಿದೆ ಅತ್ತೆ ಕಣ್ಣು ಕುಯ್ದು! ಬಿದ್ದಿದ್ರೆ ನಾನೆಂತ ಹೇಳ್ಬೇಕಿತ್ತು ಅವರಿಗೆ? ಟಿವಿ ಹಾಳಾಗ್ಲಿ ಮಾರಾಯ್ರೆ, ನಾನು ಇಲ್ಲಿ ಕೂತದ್ದು ಯಾಕೆ ಮತ್ತೆ?" ಅವಳು ಸ್ಟೂಲನ್ನು ಎತ್ತಿ, ತುದಿಗಾಲಿನಲ್ಲಿ ನಿಂತು, ಡಬ್ಬಿ ಇಲ್ಲದೆ ಬರಿದಾಗಿದ್ದ ಅಟ್ಟದ ಮೇಲೆ ಧಡ್ಡನೆ ತಳ್ಳಿದಳು. "ಅಲ್ಲೇ ಇರ್ಲಿ. ಹತ್ತಿ ನೋಡುವಾ ಈಗ."

ರುಕ್ಮಿಣಿಬಾಯಿಗೆ ನಗು ಬಂತು. ತಡೆಯಲಾಗಲಿಲ್ಲ. ಅವಳು ಸಿಟ್ಟಿನಿಂದ ನೋಡಿದಳು, ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಕಣ್ಣೊರೆಸುತ್ತ ಬಂದು ಫೋನಿನಲ್ಲಿ ಬರೆದದ್ದನ್ನೆಲ್ಲ ಅಳಿಸಿದಳು. ಅವರಿಗೆ ಕಾಣುವಂತೆ ಹಿಡಿದು ಐದು ನಕ್ಷತ್ರ ಒತ್ತಿದಳು.

"ಅಷ್ಟಕ್ಕ ಮುಗೀಲಿಲ್ಲ," ಎಂದರು ರುಕ್ಮಿಣಿಬಾಯಿ. "ಅವನಿಗಿ ಫೋನ್ ಹಚ್ಚಿ ಕೊಡು."

ಟಿವಿಯಲ್ಲಿ ನಾಲ್ಕರ ಸಭೆ ತೊಡಗಿತ್ತು. ಮೋಹನದಾಸರು ಹೊಸ ಅಂಗಿಯಲ್ಲಿ, ಮಡಿಕೆ ಕೂಡ ಬಿಚ್ಚದ ಬಿಳಿ ಪಂಚೆಯಲ್ಲಿ, ಕುರ್ಚಿಯ ತುದಿಗೆ ಕೂತಿದ್ದರು. ಶಾಲು ಹೊದಿಸಿದ ಅಧ್ಯಕ್ಷರಿಗೆ ಕೆಮ್ಮು ಬಂತು. ಕೂಡಲೇ ಮೋಹನದಾಸರು ಶಾಲಿನ ಸಮೇತ ಎದ್ದು, ಪಕ್ಕದ ಮೇಜಿನಿಂದ ಲೋಟಕ್ಕೆ ನೀರು ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತರು. ಸಭೆ ನಕ್ಕು ಚಪ್ಪಾಳೆ ಹೊಡೆಯಿತು. "ಅಯ್ಯೋ ಪಪ್ಪಾ, ಕೂತ್ಕೊಳ್ಳಿ," ಎಂದು ದೀಕ್ಷಿತಾ ಟಿವಿಗೆ ಹೇಳುತ್ತ ಬಿಕ್ಕಿದಳು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಅವರ ಕೈಯ ಲೋಟದೊಳಗೆ ನೀರು ತುಳುಕಿದ್ದು ಕೂಡ ರುಕ್ಮಿಣಿಬಾಯಿಯ ಬಲಗಣ್ಣಿಗೆ ಕಂಡಿತು.

ಫೋನಿನ ಆಚೆ ದತ್ತು ಹಲೋ ಎಂದ. ಹಿಂದೆ ಓಣಿಯಲ್ಲಿ ಹಾದ ಬೈಕಿನ ಸದ್ದು, ಯಾರದೋ ತಟ್ಟೆಯ ಸದ್ದು. ಮನೆ ಮುಟ್ಟಿದ್ದಾನೆ. ಅವರು ಬೆನ್ನು ನೆಟ್ಟಗೆ ಮಾಡಿ ಕೂತರು. ಮರಾಠಿಯಲ್ಲಿ, ಸ್ಪಷ್ಟವಾಗಿ, ಎಲ್ಲ ಅಕ್ಷರಗಳೂ ಕೇಳುವಂತೆ ಹೇಳಿದರು:

"ದತ್ತು, ನಾನು ಆಜಿ. ದೋಷ ನಮ್ಮ ತುದಿಯಲ್ಲಿತ್ತು. ನಿನ್ನದಲ್ಲ. ಮನೆಯಲ್ಲಿ ಹೇಳಿದ್ದೇನೆ."

"ಅದಕ್ಕೇನು ಬಿಡಿ ಆಜಿ," ಎಂದ ಅವನು, ದನಿಯಲ್ಲಿ ನಗು. "ನಾಳೆ ಬನ್ನಿ ಕೊಡಲಿಕ್ಕೆ ಬರ್ತೀನಿ. ಡಬ್ಬಿ ಆಗಲೇ ಮೇಲೆ ಇಡ್ತೀನಿ. ನೀವು ಹತ್ತಬೇಡಿ."

"ಹತ್ತೂದಿಲ್ಲ. ಅವ್ವನ್ನೂ ಕರಕೊಂಡು ಬಾ," ಎಂದರು. ಮಾತು ಮುಗಿದಿತ್ತು. ಆದರೂ ಅವರು ಫೋನನ್ನು ಕಿವಿಯಿಂದ ಇಳಿಸಲಿಲ್ಲ. ಆ ತುದಿಯವರು ಇಡುವ ಮೊದಲು ಆಪರೇಟರು ಲೈನು ಬಿಡಬಾರದು. ಅವನು ತಟ್ಟೆಯನ್ನು ಅವ್ವನ ಮುಂದೆ ಸರಿಸುವುದು ಕೇಳಿಸಿತು, ಇನ್ನೂ ಸ್ವಲ್ಪ ಹಾಕ್ಲಾ ಎಂದು ಕೇಳುವುದು ಕೇಳಿಸಿತು. ಆಮೇಲೆ ಅವನು ಇಟ್ಟ.